ನಾನು ಹೊರಿಸಿದ ಬೀಸುಕಲ್ಲು

ನನ್ನ ಜೊತೆ ಕೂತು ಟೀವಿ ನೋಡುವುದು ನಮ್ಮ ಮನೆಯಲ್ಲಿ ಯಾರಿಗೂ ಬೇಡ. ಐತಿಹಾಸಿಕ ಧಾರಾವಾಹಿಯ ರಾಣಿಯ ಕುಪ್ಪಸದ ಬೆನ್ನಲ್ಲಿ ಜಿಪ್ ಕಂಡರೆ ನನಗೆ ಸುಮ್ಮನಿರಲು ಬರುವುದಿಲ್ಲ. ಮೆಣಸಿನಕಾಯಿ ಇನ್ನೂ ಹಡಗು ಹತ್ತಿ ನಮ್ಮ ದೇಶಕ್ಕೆ ಬಾರದಿದ್ದ ಕಾಲದಲ್ಲಿ ಸೈನಿಕರು ಮಿರ್ಚಿ ಭಜಿ ತಿನ್ನುತ್ತ ಕೂತರೆ ಅವತ್ತು ನನಗೆ ಊಟವೂ ಸೇರುವುದಿಲ್ಲ. ನಮ್ಮ ಯಜಮಾನರು ರಿಮೋಟನ್ನು ನನ್ನ ಮಡಿಲಿಗೆ ಹಾಕಿ, "ಮೊಸರಾಗ ಕಲ್ಲ ಹುಡುಕ್ಕೋತ ಕೂಡ್ರ ನೀ" ಎಂದು ಎದ್ದು ಹೋಗುತ್ತಾರೆ. ಧಾರವಾಡದಿಂದ ಮದುವೆಯಾಗಿ ಗೋವಾದ ವಾಸ್ಕೋಗೆ ಬಂದಾಗಿನಿಂದ ಇದನ್ನು ಕೇಳುತ್ತಲೇ ಬಂದಿದ್ದೇನೆ. ಸುಳ್ಳು ಯಾಕೆ ಹೇಳಲಿ, ನನಗೆ ಅದು ಬೈಗುಳವಾಗಿ ಕೇಳುತ್ತಿರಲಿಲ್ಲ. ಒಳಗೊಳಗೇ ಜಂಬವಿತ್ತು.

ಆ ಜಂಬದಿಂದಲೇ ಕಾದಂಬರಿ ಬರೆಯಲು ಕೂತೆ. ಪೋರ್ಚುಗೀಸರು ಹೋದ ಹೊಸತರಲ್ಲಿ ವಿಜಾಪುರದ ಕಡೆಯಿಂದ ಬಂದರಿನಲ್ಲಿ ಅದಿರು ಹೊರಲು ಬಂದ ಮೊದಲ ಕುಟುಂಬಗಳ ಕಥೆ. ಗೋವಾದಲ್ಲಿ ಕನ್ನಡದವರು ಇಷ್ಟು ಜನ ಇದ್ದೇವೆ, ನಮ್ಮ ಹಿಂದಿನವರು ಹೇಗೆ ಬಂದರು ಎನ್ನುವುದನ್ನು ಯಾರೂ ಸರಿಯಾಗಿ ಬರೆದಿಲ್ಲ, ನಾನು ಬರೆಯುತ್ತೇನೆ, ಅದೂ ಒಂದು ಕೂದಲೆಳೆಯಷ್ಟು ತಪ್ಪಿಲ್ಲದ ಹಾಗೆ, ಎಂದುಕೊಂಡೆ. ಆಫೀಸು ಮುಗಿದ ಮೇಲೆ, ರಜೆಯ ದಿನಗಳಲ್ಲಿ, ಸಿಕ್ಕಸಿಕ್ಕವರನ್ನು ಕೇಳಿದ್ದೇ ಕೇಳಿದ್ದು. ಆಗಿನ ಕಂದೀಲಿನ ಗಾಜು ಹೇಗಿತ್ತು? ಘಟ್ಟದ ಕೆಳಗಿನ ಕುಳೆಂ ಸ್ಟೇಷನ್ನಿನಲ್ಲಿ ಇಂಜಿನ್ನು ನೀರು ಕುಡಿಯುತ್ತಿತ್ತೋ, ಮುಂದೆಲ್ಲೋ? ಹೆಂಗಸರು ಅದಿರಿನ ಬುಟ್ಟಿಯ ಕೆಳಗೆ ಸಿಂಬಿ ಇಡುತ್ತಿದ್ದರೋ, ಬರೀ ಸೆರಗು ಸುತ್ತುತ್ತಿದ್ದರೋ? ಫಾತೋರ್ಡಾದಲ್ಲಿ ಬೆಳಗಾವಿ ಕಡೆಯ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರಿದ್ದಾರೆ. ಟಿಕೆಟ್ಟಿನ ಬಣ್ಣ ಕೇಳಲು ಅವರ ಮನೆಗೆ ನಾನು ಎಷ್ಟು ಸಲ ಹೋದೆನೆಂದರೆ, ಕೊನೆಗೆ ಅವರು ಕೈಮುಗಿದುಬಿಟ್ಟರು.

"ಬಾಯಾರ, ಟಿಕೀಟ ಯಾವ ಬಣ್ಣದ್ದಿದ್ರ ಏನ್ರಿ? ಗಾಡಿ ಅಂತೂ ಬಂತಲ್ಲ."

"ಹಂಗಂದ್ರ ಹೆಂಗ್ರಿ?" ಎಂದೆ. "ಟಿಕೀಟ ಸುಳ್ಳಾದ್ರ ಗಾಡೀನೂ ಸುಳ್ಳ."

ಈ ಮಾತನ್ನು ನಾನು ಆಮೇಲೆ ಎಷ್ಟು ಕಡೆ ಹೇಳಿಕೊಂಡು ತಿರುಗಿದೆ ಎನ್ನುವುದು ನೆನಪಾದರೆ ಈಗ ಕಿವಿ ಬಿಸಿಯಾಗುತ್ತದೆ.

ಬಂದವರ ಮನೆಯೊಳಗಿನ ಕಥೆ ಸಿಕ್ಕಿದ್ದು ವಾಸ್ಕೋದ ಮಂಗೋರ್ ಹಿಲ್‌ನಲ್ಲಿ. ಅಲ್ಲಿ ಒಂದು ಮನೆಯಿಂದ ನಾನು ಭಾನುವಾರ ಭಾನುವಾರ ಜೋಳದ ರೊಟ್ಟಿ ತರುತ್ತೇನೆ. ಸೊಸೆ ಒಳಗೆ ರೊಟ್ಟಿ ಬಡಿಯುತ್ತಾಳೆ, ಮಗ ಟೆಂಪೋ ಓಡಿಸುತ್ತಾನೆ, ಎಪ್ಪತ್ತು ದಾಟಿದ ಅತ್ತೆ ಹೊಸ್ತಿಲ ಬಳಿ ಕೂತು ಹೋಗಿಬರುವವರನ್ನು ಮಾತಾಡಿಸುತ್ತಾಳೆ. ಹತ್ತಿ ಹಿಂಜುವ ಪಿಂಜಾರರ ಮನೆತನ, ಮನೆಮಾತು ಕನ್ನಡವೇ. ಮೊಮ್ಮಕ್ಕಳು ದಾದಿ ಎನ್ನುತ್ತವೆ, ಅದನ್ನು ಕೇಳಿ ಓಣಿಯೆಲ್ಲ ದಾದಿ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಚಿಕ್ಕ ಹುಡುಗಿಯಾಗಿದ್ದಾಗ ತಂದೆತಾಯಿಯ ಜೊತೆ ಆ ಮೀಟರ್ ಗೇಜ್ ಗಾಡಿಯಲ್ಲೇ ಬಂದವಳು. ಇದು ಗೊತ್ತಾದ ಮೇಲೆ ರೊಟ್ಟಿಯ ನೆಪ ಮಾಡಿಕೊಂಡು ಗಂಟೆಗಟ್ಟಲೆ ಅವಳ ಪಕ್ಕ ಕೂತೆ. ಬರುವಾಗ ಏನೇನು ತಂದಿರಿ ಎಂದು ಕೇಳಿದೆ. ಒಂದು ಒಳ್ಳೆಯ ವಸ್ತು ಸಿಕ್ಕೀತೆಂಬ ಆಸೆ ನನಗೆ.

"ಏನ್ ತರ್ತೀವ್ರಿ ಬಾಯಾರ," ಅಂದಳು ದಾದಿ. "ಎರಡ ಕೌದಿ, ಒಂದ ಗಂಗಾಳ, ನಾ ಒಬ್ಬಾಕಿ. ಮುಗೀತು."

"ಮತ್ತ ಜೋಳ? ರೊಟ್ಟಿ?"

"ಜೋಳ ಊರಿಂದ ಬರೂ ಮಂದಿ ತರ್ತಿದ್ರು. ಬೀಸಾಕ ಕಲ್ಲ ಇಲ್ಲ. ಗಿರಣ್ಯಾವ ಒಲ್ಲೆ ಅಂತಿದ್ದ, ಅಕ್ಕಿ ಹಿಟ್ಟಿನ್ಯಾಗ ಜೋಳ ಕೂಡ್ತದ ಅಂತ. ಅದಕ್ಕ ಹಳಿ ದಾಟಿ ಒಬ್ಬಾಕಿ ಕಿರಸ್ತಾನ ಬಾಯಿ ಮನಿಗೆ ಹೋಗ್ತಿದ್ವಿ. ಆಕಿ ಹಿತ್ತಲದಾಗ ಬೀಸೂ ಕಲ್ಲಿತ್ತು. ಆಕಿಗೆ ಕನ್ನಡ ಬರೂದಿಲ್ಲ, ನಮ್ಮವ್ವಗ ಕೊಂಕಣಿ ಬರೂದಿಲ್ಲ. ಇಬ್ಬರೂ ಎದರಾಬದರ ಕುಂತು, ಗೂಟ ಹಿಡದು ನಗೂದೇ ನಗೂದು. ಮೊದಲ ಆಕಿ ನಾಚಣಿ, ರಾಗಿ ಅಂತಾರಲ್ರಿ ಅದು, ಆಮ್ಯಾಲೆ ನಮ್ಮ ಜೋಳ. ಕಲ್ಲಿನ ಬಾಯಿಗೆ ಕಾಳ ಹಾಕೂದು ನನ್ನ ಕೆಲಸ. ನನ್ನ ಮುಷ್ಟಿ ಸಣ್ಣದಲ್ರಿ, ಆಕಿ ಅನ್ನಾಕಿ, 'ಆನೀಕ್ ಥೊಡೆಂ ಗೋ ಬಾಯ್.' ಇನ್ನಷ್ಟ ಹಾಕವ್ವಾ ಅಂತ."

ಆ ಕೊಂಕಣಿ ಮಾತನ್ನು ಅವಳು ರಾಗ ಎಳೆದು, ಕೊರಳು ಒಂದಿಷ್ಟು ಓರೆ ಮಾಡಿ ಹೇಳಿದಳು. ಆ ಕಿರಸ್ತಾನ ಬಾಯಿಯ ಹೆಸರನ್ನೂ ಹೇಳಿದಳು. ನಾತಾಳಕ್ಕೆ, ಅಂದರೆ ಕ್ರಿಸ್‌ಮಸ್ಸಿಗೆ, ಆಕೆ ಕರಜಿಕಾಯಿಯಂಥ ನೆವ್ರಿ ಕಳಿಸುತ್ತಿದ್ದದ್ದು, ಮೊಹರಮ್ಮಿಗೆ ಅವ್ವ ಚೊಂಗೆಯ ಸಿಹಿರೊಟ್ಟಿ ಮಾಡಿಕೊಂಡು ಹೋಗುತ್ತಿದ್ದದ್ದು, ಎಲ್ಲ ಹೇಳಿದಳು. ನಾನು ಪೆನ್ನು ಮುಚ್ಚಿಟ್ಟು ಹೂಂ ಹೂಂ ಎನ್ನುತ್ತಿದ್ದೆ. ನನಗೆ ಬೇಕಾದದ್ದು ಅದಾಗಿರಲಿಲ್ಲ.

ಯಾಕೆ ಬೇಕಾಗಿರಲಿಲ್ಲ ಎಂದು ಈಗ ನನ್ನನ್ನೇ ಕೇಳಿಕೊಂಡರೆ ಬರುವ ಉತ್ತರ ಚೆನ್ನಾಗಿಲ್ಲ. ಒಂದು, ನನ್ನ ಕಥಾನಾಯಕಿ ಒಂಟಿಯಾಗಿ ಕಷ್ಟಪಡಬೇಕಿತ್ತು. ಪಕ್ಕದಲ್ಲಿ ನಗುವ ನೆರೆಯವಳೊಬ್ಬಳು ಬಂದು ಕೂತರೆ ಆ ದುಃಖ ತೆಳ್ಳಗಾಗಿಬಿಡುತ್ತದೆ ಎನಿಸಿತು. ಇನ್ನೊಂದು, ನಾನು ಈ ಊರಿಗೆ ಬಂದ ಹೊಸತರಲ್ಲಿ ಮೀನು ಮಾರ್ಕೆಟ್ಟಿನ ಹತ್ತಿರ ಬಸ್ಸಿನ ಸಾಲಿನಲ್ಲಿ ಒಬ್ಬಾಕೆ ನನ್ನನ್ನು ಘಾಂಟಿ ಎಂದು ಬೈದಿದ್ದಳು. ಘಟ್ಟದ ಮೇಲಿನಿಂದ ಬಂದ ನಮ್ಮಂಥವರನ್ನು ಇಲ್ಲಿ ಹೀಗಳೆಯುವುದು ಆ ಮಾತಿನಿಂದ. ನಾನು ಆಗ ಸಿಟ್ಟನ್ನು ನುಂಗಿಕೊಳ್ಳಬೇಕಾಯಿತು. ಅದನ್ನು ಕಾದಂಬರಿಯಲ್ಲಿ ತೀರಿಸಿಕೊಂಡೆ. ಯಾವಳೋ ಬೈದದ್ದಕ್ಕೆ ಇನ್ಯಾವಳನ್ನೋ ಪುಸ್ತಕದಿಂದ ಹೊರಗೆ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಅವಳ ಜಾಗದಲ್ಲಿ ಏನಾದರೂ ಬೇಕಲ್ಲ? ಬೀಸುಕಲ್ಲನ್ನು ನಾಯಕಿಯ ತಲೆಯ ಮೇಲೆ ಹೊರಿಸಿದೆ. ತವರಿನ ಕಲ್ಲು. ಊರಿನಿಂದ ಸ್ಟೇಷನ್ನಿನವರೆಗೆ ತಲೆಯ ಮೇಲೆ, ಗಾಡಿಯಲ್ಲಿ ತೊಡೆಯ ಮೇಲೆ. ಕ್ಯಾಸಲ್ ರಾಕ್ ದಾಟಿ ಗಾಡಿ ಘಟ್ಟ ಕೊರೆದ ಬೋಗದೆಗಳ ಕತ್ತಲೆಗೆ ನುಗ್ಗುತ್ತದೆ. ಮಗಳು ಕೈಚಾಚಿ ಕಲ್ಲನ್ನು ಮುಟ್ಟಿ ನೋಡುತ್ತಾಳೆ. ಕಲ್ಲಿದೆ, ಅಂದರೆ ಅವ್ವ ಇದ್ದಾಳೆ. ಇದನ್ನು ಬರೆದ ಸಂಜೆ ನಾನು ಅತ್ತುಬಿಟ್ಟೆ. ನಾನೇ ಕಟ್ಟಿದ ಸುಳ್ಳಿಗೆ ನಾನೇ ಅಳುತ್ತ ಕೂತಿದ್ದೆ, ಟಿಕೆಟ್ಟಿನ ಬಣ್ಣಕ್ಕಾಗಿ ಒಬ್ಬ ಮುದುಕನ ಪ್ರಾಣ ತಿಂದವಳು.

ಪುಸ್ತಕ ಬಂತು, ಧಾರವಾಡದಲ್ಲಿ ಅಚ್ಚಾಯಿತು. ಓದಿದವರೆಲ್ಲ ಬೋಗದೆಯ ಮಾತನ್ನೇ ಆಡಿದರು. ಮುಖಪುಟದ ಮೇಲೂ ಬೀಸುಕಲ್ಲೇ ಇತ್ತು. ವಾಸ್ಕೋದಲ್ಲಿ ಕನ್ನಡದವರು ಸೇರಿ ಒಂದು ಚರ್ಚೆ ಇಟ್ಟುಕೊಂಡರು. ಗಾರ್ಡ್ ಸಾಹೇಬರು ಫಾತೋರ್ಡಾದಿಂದ ಬಸ್ಸು ಹಿಡಿದು ಬಂದಿದ್ದರು. ಟಿಕೆಟ್ಟು, ಇಂಜಿನ್ನು, ಸೀಟಿ ಎಲ್ಲ ಬರೋಬ್ಬರಿ ಇದೆ ಎಂದು ಹೊಗಳಿ, ಆಮೇಲೆ ತಲೆ ಕೆರೆದುಕೊಂಡರು.

"ಒಂದ ಸಂಶೇ ಅದರಿ. ಬೀಸೂ ಕಲ್ಲ ಹೆಂಗ ತಂದಳ್ರಿ ಆಕಿ? ಆ ಥರ್ಡ್ ಕ್ಲಾಸಿನ್ಯಾಗ ಕಾಲಿಡಾಕ ಜಾಗಾ ಇರತಿದ್ದಿಲ್ಲ. ಅಂಥಾ ವಜ್ಜಿ ಕಂಡ್ರ ಲಗೇಜಿಗೆ ಹಾಕಸ್ತಿದ್ರು. ನಾ ಅಂತೂ ಒಂದೂ ಕಂಡಿಲ್ಲ."

ಸಭೆ ನನ್ನ ಕಡೆ ತಿರುಗಿತು. ಅದು ನನ್ನ ಕಲ್ಪನೆ ಎಂದು ಹೇಳಿದ್ದರೆ ಆಗುತ್ತಿತ್ತು. ಕಾದಂಬರಿ ಬರೆದವಳಿಗೆ ಅಷ್ಟು ಹಕ್ಕಿದೆ, ಯಾರೂ ಬೇಡ ಎನ್ನುತ್ತಿರಲಿಲ್ಲ. ಆದರೆ ಊರಿಗೆಲ್ಲ ತಪ್ಪು ತೋರಿಸುತ್ತ ಬಂದವಳಿಗೆ ಮೊದಲ ಸಲ ಒಬ್ಬರು ತಪ್ಪು ತೋರಿಸಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಂಡವರ ಬಾಯಿಲೇ ಕೇಳಿ ಬರದೇನ್ರಿ," ಎಂದೆ. "ಆ ಗಾಡ್ಯಾಗ ಬಂದಾಕಿ ಈಗೂ ಮಂಗೋರ್ ಹಿಲ್‌ನಾಗ ಅದಾಳ."

ಚಪ್ಪಾಳೆ ಬಿತ್ತು. ಗಾರ್ಡ್ ಸಾಹೇಬರು ಒಳ್ಳೆಯ ಮನುಷ್ಯ. "ಹಂಗಿದ್ರ ಸರಿ ಬಿಡ್ರಿ. ನಾ ಹಿಂದ ಬ್ರೇಕ್ ವ್ಯಾನಿನ್ಯಾಗ ಇರಾವ, ಡಬ್ಬ್ಯಾಗಿಂದು ನನಗೇನ ಗೊತ್ತು" ಎಂದು ನಕ್ಕು ಕೂತರು. ಅವರು ಇನ್ನೆರಡು ಪ್ರಶ್ನೆ ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅವರು ಕೇಳಲಿಲ್ಲ. ನನ್ನ ಮಾತನ್ನು ನಂಬಿದರು.

ಚಹಾದ ಹೊತ್ತಿಗೆ ಒಬ್ಬ ಕಾಲೇಜು ಹುಡುಗಿ ಬಂದಳು. ಇತಿಹಾಸ ಓದುವವಳು, ವಲಸೆ ಬಂದ ಹಿರಿಯರ ಮಾತುಗಳನ್ನು ಧ್ವನಿಮುದ್ರಿಸಿಕೊಳ್ಳುವ ಕೆಲಸದಲ್ಲಿದ್ದಳು. ಆ ಅಜ್ಜಿಯ ಮನೆ ಎಲ್ಲಿ ಎಂದು ಕೇಳಿದಳು. ಕೊಡದಿದ್ದರೆ ಸಂಶಯ ಬರುತ್ತದೆ, ಕೊಟ್ಟರೆ ಗುಟ್ಟು ಹೊರಬೀಳುತ್ತದೆ. ಬಿಸಿ ತುಪ್ಪ ಬಾಯಲ್ಲಿ ಹಾಕಿಕೊಂಡ ಹಾಗಾಯಿತು. ಕೊನೆಗೆ ವಿಳಾಸ ಕೊಟ್ಟೆ. ದಾದಿ ಖರೇ ಇದ್ದದ್ದನ್ನು ಹೇಳುತ್ತಾಳೆ, ಹುಡುಗಿಗೆ ಸತ್ಯ ಸಿಗುತ್ತದೆ, ನನ್ನ ಮಾನ ಹೋದರೆ ಹೋಗಲಿ ಎಂದು ಧೈರ್ಯ ಮಾಡಿಕೊಂಡೆ. ಒಂದು ರೀತಿಯಲ್ಲಿ ಸಮಾಧಾನವೂ ಆಯಿತು.

ಕೆಲವು ವಾರಗಳ ಮೇಲೆ ಆ ಹುಡುಗಿ ಸಂಭ್ರಮದಿಂದ ರೆಕಾರ್ಡಿಂಗನ್ನು ನನ್ನ ಫೋನಿಗೆ ಕಳಿಸಿದಳು. ಅಡುಗೆಮನೆಯಲ್ಲಿ ಬೇಳೆ ಬೇಯಲು ಇಟ್ಟು ಕೇಳಿದೆ.

"ನಮ್ಮವ್ವ ತವರುಮನಿ ಬೀಸೂ ಕಲ್ಲ ತಲಿ ಮ್ಯಾಲೆ ಹೊತ್ಕೊಂಡ ಬಂದಳು," ದಾದಿಯ ಧ್ವನಿ. "ಗಾಡ್ಯಾಗ ತೊಡಿ ಮ್ಯಾಲೆ ಇಟಗೊಂಡಿದ್ದಳು."

ಹಿಂದಿನಿಂದ ಸೊಸೆಯ ಧ್ವನಿ ಬಂತು. "ಬೋಗದಾದ್ದ ಹೇಳ್ರಿ ಅತ್ತಿ."

"ಹಾಂ. ಬೋಗದಾ ಬಂದ್ರ ಕಗ್ಗತ್ತಲಿ. ನಾ ಕೈ ಚಾಚಿ ಕಲ್ಲ ಮುಟ್ಟಿ ನೋಡ್ತಿದ್ದೆ. ಕಲ್ಲ ಅದ ಅಂದ್ರ ಅವ್ವ ಅದಾಳ..." ಅವಳು ಅಳುತ್ತಿದ್ದಳು. ಹುಡುಗಿ ನೀರು ಕೊಡಿ ಎನ್ನುವುದೂ ಕೇಳಿಸಿತು.

ಬೇಳೆ ತಳ ಹಿಡಿದ ವಾಸನೆ ಬಂದರೂ ನಾನು ಕದಲಲಿಲ್ಲ. ಪುಸ್ತಕದ ಒಂದು ಪ್ರತಿಯನ್ನು ನಾನೇ ಆ ಮನೆಗೆ ಕೊಟ್ಟಿದ್ದೆ. ಸೊಸೆ ಊರಿನಲ್ಲಿ ಕನ್ನಡ ಶಾಲೆ ಓದಿದವಳು. ಮಧ್ಯಾಹ್ನ ಒಲೆ ಆರಿದ ಮೇಲೆ ಅತ್ತೆಗೆ ಓದಿ ಹೇಳಿದ್ದಾಳೆ, ಒಂದು ಸಲವಲ್ಲ, ಎಷ್ಟೋ ಸಲ. ದಾದಿ ಸುಳ್ಳು ಹೇಳುತ್ತಿರಲಿಲ್ಲ, ಆ ಅಳು ಸುಳ್ಳಲ್ಲ. ಅವಳಿಗೆ ಅದು ನೆನಪಾಗುತ್ತಿತ್ತು. ನಾನು ಊಟದ ಮೇಜಿನ ಮುಂದೆ ಕೂತು ಕಟ್ಟಿದ್ದು ಅವಳ ಅವ್ವನ ಮುಖವಾಗಿಬಿಟ್ಟಿತ್ತು. ಇದಕ್ಕಿಂತ ಅವಳು ನನ್ನನ್ನು ಸುಳ್ಳಿ ಎಂದು ಬೈದಿದ್ದರೆ ಪಾಡಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಹುಡುಗಿಯ ಲೇಖನ ಪತ್ರಿಕೆಯಲ್ಲಿ ಬಂತು, ಬೀಸುಕಲ್ಲಿನ ಪಕ್ಕ ಕೂತ ದಾದಿಯ ಫೋಟೋ ಸಮೇತ. ರಾಜ್ಯೋತ್ಸವದಲ್ಲಿ ದಾದಿಗೆ ಶಾಲು ಹೊದಿಸಿದರು. ಧಾರವಾಡದಿಂದ ಪ್ರಕಾಶಕರ ಫೋನು ಬಂತು. ಎರಡನೇ ಮುದ್ರಣ ಮಾಡೋಣ, ಅಜ್ಜಿಯ ಮಾತನ್ನು ಕೊನೆಗೆ ಸೇರಿಸೋಣ, ಕಲ್ಲಿನ ಬಗ್ಗೆ ಅನುಮಾನ ಪಟ್ಟವರ ಬಾಯಿ ಮುಚ್ಚುತ್ತದೆ, "ಸಾಕ್ಷಿ ತಾನಾಗೇ ಮನಿಗೆ ಬಂದದರಿ ಮೇಡಂ" ಎಂದರು. ನೋಡೋಣ ಎಂದೆ. ನಾಚಿಕೆಗೇಡು ಏನೆಂದರೆ, ಹಾಗೆ ಅನ್ನುವಾಗ ಒಂದು ಗಳಿಗೆ ಖರೇನೇ ನೋಡೋಣ ಎನಿಸಿತ್ತು. ಗಾರ್ಡ್ ಸಾಹೇಬರಿಗೆ ಒಂದು ಪ್ರತಿ ಕಳಿಸಬೇಕೆಂಬ ಯೋಚನೆಯೂ ಬಂದಿತ್ತು.

ಮುಂದಿನ ಭಾನುವಾರ ಮಂಗೋರ್ ಹಿಲ್ ಏರಿದೆ. ಹೊಸ್ತಿಲ ಒಳಗೇ ಆ ಕಲ್ಲಿತ್ತು, ಮೇಲೆ ಸೇವಂತಿಗೆ ಮಾಲೆ.

"ಇದ ಆ ಕಲ್ಲಲ್ರಿ ಅಕ್ಕಾರ," ಅಂದಳು ಸೊಸೆ. "ಅದು ಯಾವಾಗೋ ಕಳಕೊಂಡ್ರಂತ. ಫೋಟೋಕ್ಕ ಬೇಕಲ್ಲ, ನಮ್ಮ ಮನಿಯವರು ಮಡಗಾಂವದಾಗ ಹಳೇ ಸಾಮಾನಿನ ಅಂಗಡ್ಯಾಗಿಂದ ತಂದ್ರು. ಇಲ್ಲಿಯವರದ ಯಾರದೋ ಹಳೇ ಮನಿ ಕೆಡವಿದ್ದರಂತ."

ಇಲ್ಲದ ಕಲ್ಲು ಕಳೆದೂ ಹೋಗಿತ್ತು. ನಾನು ದಾದಿಯ ಹತ್ತಿರ ಕೂತೆ. ಹೇಗೆ ಶುರು ಮಾಡುವುದೋ ತಿಳಿಯದೆ ಆ ಹೆಂಗಸನ್ನು ಕೇಳಿದೆ.

"ದಾದಿ, ಹಳಿ ಆಚೆ ಒಬ್ಬಾಕಿ ಕಿರಸ್ತಾನ ಬಾಯಿ ಇದ್ದಳಲ್ಲ, ಆಕಿ ಹೆಸರೇನ್ರಿ?"

"ಯಾವ ಬಾಯಿ?"

"ಆಕಿ ಮನ್ಯಾಗ ನೀವು ಬೀಸಾಕ ಹೋಗ್ತಿದ್ರಿ ಅಂತ ಹೇಳಿದ್ರಿ."

ದಾದಿ ಬೆನ್ನು ನೆಟ್ಟಗೆ ಮಾಡಿದಳು. "ನಾವು ಯಾರ ಮನಿ ಕಲ್ಲಿಗೂ ಹೋದವರಲ್ಲ ಬಾಯಾರ. ನಮ್ಮವ್ವ ತನ್ನ ಕಲ್ಲ ತಾನ ಹೊತ್ತಾಕಿ."

ಅದೂ ನನ್ನ ವಾಕ್ಯವೇ. ಒಂದು ಅಧ್ಯಾಯದ ಕೊನೆಯಲ್ಲಿ ನಾಯಕಿ ಹೇಳುವುದು. ಬಹಳ ಜನ ಅದರ ಕೆಳಗೆ ಗೆರೆ ಹೊಡೆದುಕೊಂಡಿದ್ದರು.

"ದಾದಿ, ಅದು ಖರೇ ಅಲ್ರಿ," ಎಂದೆ. "ಕಲ್ಲ ಹೊತ್ತದ್ದು ನಾ ಬರದದ್ದು. ನನ್ನ ತಲ್ಯಾಗಿಂದು. ನೀವು ನನಗ ಹೇಳಿದ್ದು ಬ್ಯಾರೇನ ಇತ್ತು. ತಪ್ಪಾತ್ರಿ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ದಾದಿ ನನ್ನ ಮುಖವನ್ನೇ ನೋಡಿದಳು. ಸಿಟ್ಟಾಗುತ್ತಾಳೆ ಎಂದುಕೊಂಡೆ, ಸಿಟ್ಟಾಗಲಿ ಎಂದೂ ಬಯಸಿದೆ. ಅವಳು ನಕ್ಕಳು. ಬಾಯಾರ ಹೋಗಿ ಏಕವಚನ ಬಂತು.

"ನಿನ್ನ ತಲ್ಯಾಗಿಂದ? ನೀ ಇದ್ದೇನವಾ ಅಲ್ಲಿ? ನಾ ಇದ್ದೆ."

ಪುಸ್ತಕಕ್ಕಿಂತ ಕಣ್ಣಾರೆ ಕಂಡವರ ಮಾತು ದೊಡ್ಡದು ಎಂದು ಎಲ್ಲರಿಗೂ ಬೋಧನೆ ಮಾಡಿದವಳು ನಾನೇ. ಸೊಸೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಮೆಲ್ಲಗೆ, "ಇರ್ಲಿ ಬಿಡ್ರಿ ಅಕ್ಕಾರ. ಮೊದಲ ಈ ಓಣ್ಯಾಗ ಅತ್ತೀನ ಯಾರ ಕೇಳ್ತಿದ್ರು? ಈಗ ಎಲ್ಲಾರೂ ಬಂದ ಕೂಡ್ತಾರ" ಎಂದಳು. ಅವಳ ಕಣ್ಣಲ್ಲಿದ್ದದ್ದು ವಿನಂತಿ. ಎಲ್ಲ ಅವಳಿಗೆ ಮೊದಲೇ ಗೊತ್ತಿತ್ತೋ ಏನೋ.

ಹಳಿಯಾಚೆಯ ಆ ಹೆಂಗಸನ್ನು ಬಲ್ಲವರು ಈಗ ಯಾರಿದ್ದಾರೆ? ದಾದಿಯ ಅವ್ವ ತೀರಿಕೊಂಡು ಎಷ್ಟೋ ಕಾಲವಾಯಿತು. ದಾದಿಗೆ ಮರೆಸಿದವಳು ನಾನು. ಒಂದು ಮುನ್ನುಡಿಯಲ್ಲಿ ಅವಳ ಕಥೆ ಬರೆಯಬಹುದು. ಆದರೆ ಹುಡುಗಿ ಆಧಾರ ಕೇಳಿದರೆ ದಾದಿಯನ್ನು ತೋರಿಸಬೇಕು, ದಾದಿ ಇಲ್ಲ ಎನ್ನುತ್ತಾಳೆ. ಉಳಿದ ಸಾಕ್ಷಿ ನಾನೊಬ್ಬಳೇ. ನನ್ನ ಸಾಕ್ಷಿಯ ಬೆಲೆ ಎಷ್ಟು ಎನ್ನುವುದನ್ನು ತುಂಬಿದ ಸಭೆಯಲ್ಲಿ ನಾನೇ ತೋರಿಸಿದ್ದೇನೆ. ಮೇಲಾಗಿ ಅವಳ ಹೆಸರೂ ನನಗೆ ಗೊತ್ತಿಲ್ಲ. ಕೇಳಿದ ದಿನ ಪೆನ್ನು ಮುಚ್ಚಿಟ್ಟಿದ್ದೆ.

ದಾದಿಗೆ ನನ್ನ ಮೋರೆ ನೋಡಿ ಪಾಪ ಎನಿಸಿರಬೇಕು. "ಬಾ ಇಲ್ಲಿ," ಎಂದು ಕಲ್ಲಿನ ಮೇಲಿನ ಮಾಲೆಯನ್ನು ತೆಗೆದು ಪಕ್ಕಕ್ಕಿಟ್ಟಳು. "ಬರೀ ಬರದ್ರ ಆತೇನ? ಬೀಸೂದ ನೋಡು." ಸೊಸೆಯಿಂದ ಒಂದು ಬೋಗುಣಿ ಜೋಳ ತರಿಸಿದಳು. ಒಂದು ಕಾಲು ಮಡಚಿ, ಒಂದು ಕಾಲು ಚಾಚಿ ಕೂತು ಗೂಟ ಹಿಡಿದಳು. ನಾನು ಎದುರಿಗೆ ಕೂತೆ. ಕಾಳು ಹಾಕುವುದು ನನ್ನ ಪಾಲಿಗೆ ಬಂತು.

ಕಲ್ಲು ಗುರ್ ಎಂದು ತಿರುಗತೊಡಗಿತು. ಚೆಲ್ಲೀತೆಂದು ಹೆದರಿ ನಾನು ಚಿಟಿಕೆ ಚಿಟಿಕೆಯಾಗಿ ಹಾಕುತ್ತಿದ್ದೆ. ಒಳಗೆ ಕಾಳು ಸಾಲದೆ ಕಲ್ಲು ಕಲ್ಲಿಗೆ ಉಜ್ಜುವ ಸಪ್ಪಳ ಬಂತು. ದಾದಿ ತಲೆ ಎತ್ತಲಿಲ್ಲ. ಕೈ ನಿಲ್ಲಿಸಲಿಲ್ಲ. ಕೊರಳು ಒಂದಿಷ್ಟು ಓರೆಯಾಯಿತು.

"ಆನೀಕ್ ಥೊಡೆಂ ಗೋ ಬಾಯ್," ಅಂದಳು.

ಆ ರಾಗ ದಾದಿಯದಲ್ಲ. ನನ್ನ ಕೈ ಬೋಗುಣಿಯಲ್ಲೇ ಉಳಿಯಿತು.

"ದಾದಿ, ಹಂಗ ಯಾರ ಅಂತಿದ್ರು?"

ಕಲ್ಲು ನಿಂತಿತು. ದಾದಿ ಬಾಗಿಲಾಚೆ ನೋಡಿದಳು. ಕೆಳಗೆ ಎಲ್ಲೋ ಗೂಡ್ಸ್ ಗಾಡಿ ಶಂಟಿಂಗ್ ಮಾಡುವ ಸದ್ದಿತ್ತು. ಅವಳ ತುಟಿ ಸ್ವಲ್ಪ ಅಲುಗಿತು, ಹುಬ್ಬು ಗಂಟಿಕ್ಕಿತು. ಬರುತ್ತಾಳೆ, ಆಕೆ ಬರುತ್ತಾಳೆ, ಹೆಸರು ಈಗ ಬರುತ್ತದೆ ಎಂದು ನಾನು ಉಸಿರು ಹಿಡಿದು ಕೂತೆ. ನನ್ನ ಪುಸ್ತಕ ಸುಟ್ಟುಹೋಗಲಿ, ಆಕೆ ಬರಲಿ ಎಂದು ಬೇಡಿಕೊಂಡೆ.

"ಅವ್ವ," ಅಂದಳು ದಾದಿ. "ಮತ್ಯಾರ ಅಂತಾರ?"

ಅವ್ವನಿಗೆ ಕೊಂಕಣಿ ಬರುವುದಿಲ್ಲ ಎಂದು ಮೊದಲು ಹೇಳಿದವಳೂ ಅವಳೇ. ದಾದಿ ಮತ್ತೆ ಗೂಟ ಹಿಡಿದಳು. ನಾನು ಮುಷ್ಟಿ ತುಂಬ ಜೋಳ ತೆಗೆದು ಕಲ್ಲಿನ ಬಾಯಿಗೆ ಹಾಕಿದೆ.